ಗಣಪತಿ ಲಾಬಿಯಲ್ಲಿದ್ದಾನೆ, ವಾರ್ಡಲ್ಲಿ ಯಾರಿದ್ದಾರೆ?

ಮನೆಯವರು ಕೋಲಾರಮ್ಮನ ಗುಡಿಯೊಳಗೆ ಹೋದರೆ ನಾನು ಹೊರಗೆ ಚಪ್ಪಲಿ ಕಾಯ್ತಾ ಟೀ ಕುಡಿಯೋ ಗಿರಾಕಿ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಅಂಥವನು ಇವತ್ತು ಆಸ್ಪತ್ರೆಗಳಲ್ಲಿ ಅಧ್ಯಾತ್ಮ ಇಲ್ಲ ಅಂತ ಗಲಾಟೆ ತೆಗೀತಿದ್ದೀನಿ. ನಗೋರು ನಕ್ಕುಬಿಡಿ.

ಕೋಲಾರದ್ದೇ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಬಾಗಿಲು ದಾಟಿದರೆ ಅಮೃತಶಿಲೆ ಗಣಪತಿ, ಪಕ್ಕದಲ್ಲಿ ಹುಂಡಿ, ಸ್ಪೀಕರಲ್ಲಿ ದಿನವಿಡೀ ಮಂತ್ರ. ಮೇಲೆ ವಾರ್ಡಲ್ಲಿ ನಮ್ಮ ಬೀದಿಯ ಯಜಮಾನರು, ಶ್ರೀನಿವಾಸಪುರದ ಕಡೆಯವರು. ಕಿಡ್ನಿ ಹೋಗಿ ಡಯಾಲಿಸಿಸ್ ನಡೀತಿದೆ. ನೋಡೋಕೆ ಹೋದರೆ ಮಂಚದ ಸುತ್ತ ನೆಂಟರ ಜಾತ್ರೆ. ಒಬ್ಬನಿಗೆ ಸೈಟಿನ ಖಾತೆ ಚಿಂತೆ. ಒಬ್ಬಾಕೆ "ಮಾವಾ, ಮಾವಿನಹಣ್ಣು ಮುಟ್ಟಬೇಡಿ, ಪೊಟ್ಯಾಸಿಯಂ ಜಾಸ್ತಿ" ಅಂತ ಪಾಠ. ಜೀವಮಾನವೆಲ್ಲ ಮಾವಿನ ತೋಪು ಕಾದ ಮನುಷ್ಯನಿಗೆ! ಇದರ ನಡುವೆ ಯಜಮಾನರು ಸೂರು ನೋಡ್ಕೊಂಡು, "ನೇನೇಂ ಪಾಪಂ ಚೇಸಿಂಟಿನಪ್ಪಾ?" ಅಂದರು, ತೆಲುಗಲ್ಲಿ. ನಾನೇನು ಪಾಪ ಮಾಡಿದ್ದೆನಪ್ಪಾ ಅಂತ.

ಒಬ್ಬ: "ಹೋದ ಜನ್ಮದ್ದು ಮಾವಾ, ಅನುಭವಿಸಲೇಬೇಕು."
ಇನ್ನೊಬ್ಬ: "ಏನೂ ಆಗಲ್ಲ, ಧೈರ್ಯವಾಗಿರಿ."
ಮತ್ತೆ ಸೈಟು.

ಅಲ್ರೀ, ಆ ಮನುಷ್ಯ ಕೇಳಿದ್ದು ಉತ್ತರಾನಾ? ಯಾಕೆ ಹಾಗನ್ನಿಸ್ತಿದೆ ಅಂತ ಒಬ್ಬನಾದರೂ ಕುರ್ಚಿ ಎಳ್ಕೊಂಡು ಕೂತು ಕೇಳಬೇಡವಾ? ಡಾಕ್ಟ್ರು ಕ್ರಿಯಾಟಿನಿನ್ ನೋಡಿ ಹೋದರು, ಸಿಸ್ಟರ್ ಬಿಪಿ ಬರ್ಕೊಂಡು ಹೋದರು. ಪಾಪ, ಅವರಿಗೆ ಪುರುಸೊತ್ತಿಲ್ಲ. ಆದರೆ ಆ ಪ್ರಶ್ನೆ ಯಾರ ಡ್ಯೂಟಿ?

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾಯೋ ರೋಗಿಗಳನ್ನ ನೋಡ್ಕೊಳ್ಳೋ ಆಸ್ಪತ್ರೆ, ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸು, ಆಮೇಲೆ ಡಾಕ್ಟರು. ಸಾಯೋ ರೋಗಿಯ ನೋವು ಬರೀ ಮೈಯದ್ದಲ್ಲ, ಮನಸ್ಸಿನದು, ಮನೆಮಠದ್ದು, ಆತ್ಮದ್ದು ಎಲ್ಲ ಸೇರಿದ ನೋವು ಅಂತ ಆಯಮ್ಮ ಆಗಲೇ ಹೇಳಿದ್ದರು. ಅಷ್ಟು ದೂರ ಯಾಕೆ, ನಮ್ಮೋರು ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ಹೋಗೋ ವೆಲ್ಲೂರು ಸಿಎಂಸಿ ಆಸ್ಪತ್ರೆಯಲ್ಲಿ ಚಾಪ್ಲೇನ್‌ಗಳಿಗೇ, ಅಂದರೆ ರೋಗಿ ಪಕ್ಕ ಕೂತು ಮನಸ್ಸಿನ, ಆತ್ಮದ ಸಂಕಟ ಕೇಳೋ ಪಾದ್ರಿಗಳಂಥವರಿಗೇ, ಒಂದು ವಿಭಾಗ ಇದೆ. ಈ ಕೆಲಸಕ್ಕೆ ತರಬೇತಿ ಇದೆ ಸ್ವಾಮಿ. ರೋಗಿ ಜೊತೆ ಆಡಿದ ಮಾತನ್ನ ಆಮೇಲೆ ಸಾಲು ಸಾಲಾಗಿ ಬರೆದು ತಂದು, ಎಲ್ಲಿ ಬಾಯಿ ಮುಚ್ಕೊಂಡಿರಬೇಕಿತ್ತು, ಎಲ್ಲಿ ಉಪದೇಶಕ್ಕಿಳಿದೆ ಅಂತ ಗುರುಗಳ ಮುಂದೆ ಬೈಸ್ಕೊಳ್ಳೋದೂ ಅದರೊಳಗಿದೆ. ನಮ್ಮ ನೆಂಟರನ್ನ ಒಂದು ಬ್ಯಾಚ್ ಕಳಿಸಬೇಕು.

ಈಗ ನಮ್ಮ ಸಂಸ್ಕೃತಿ ರಕ್ಷಕರು ಬರ್ತಾರೆ. "ಅದೆಲ್ಲ ಒಂಟಿಯಾಗಿ ಸಾಯೋ ಬಿಳಿಯರಿಗೆ, ನಮಗೆ ಬಂಧುಬಳಗ ಇದೆ." ಇದೆ, ಮಂಚದ ಸುತ್ತ ನೋಡಿದೆನಲ್ಲ. ತೊಂದರೆ ಇರೋದೇ ಅಲ್ಲಿ. ಮಗನ ಮುಂದೆ ಅಪ್ಪ ಹೆದರಿಕೆ ಆಗ್ತಿದೆ ಅಂತ ಹೇಳಲ್ಲ. ಬೆಂಗಳೂರಿನ ಆಸ್ಪತ್ರೇಲಿ ನಮ್ಮಪ್ಪ ಕೊನೆ ವಾರ ನನ್ನ ಹತ್ರ ಮಾತಾಡಿದ್ದು ಕರೆಂಟ್ ಬಿಲ್ಲು, ಬೋರ್‌ವೆಲ್ ಮೋಟರು. ರಾತ್ರಿಯೆಲ್ಲ ನಿದ್ದೆ ಬರಲ್ಲ, ಕಣ್ಣು ಮುಚ್ಚಿದರೆ ಭಯ ಅಂತ ಹೇಳ್ಕೊಂಡಿದ್ದು ನೆಲ ಒರೆಸೋಕೆ ಬರ್ತಿದ್ದ ಆಯಮ್ಮನ ಹತ್ರ. ಅವರು ಕೈವಾರ ತಾತಯ್ಯನ ತತ್ವಪದ ಗುನುಗ್ತಾ ಐದು ನಿಮಿಷ ನಿಲ್ತಿದ್ದರಂತೆ. ತಿಥಿ ಆದಮೇಲೆ ಗೊತ್ತಾಯ್ತು. ಆಕೆ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು, ನಿಜವಾಗ್ಲೂ.

ಮತಾಂತರ ಅನ್ನೋರಿಗೆ ಒಂದೇ ಮಾತು. ರೋಗಿಯ ದೇವರಿಂದಲೇ ಮಾತು ಶುರುವಾಗಬೇಕು, ದೇವರಿಲ್ಲದವನಿಗೆ ದೇವರಿಲ್ಲದೆಯೇ. ನನ್ನ ಸರದಿ ಬಂದಾಗ ಯಾರಾದರೂ ವಿಭೂತಿ ಹಿಡ್ಕೊಂಡು ಬಂದರೆ ಡ್ರಿಪ್ ಕಿತ್ಕೊಂಡು ಎದ್ದು ಓಡ್ತೀನಿ.

ದುಡ್ಡೆಲ್ಲಿದೆ ಅಂತಾರೆ. ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರಗಳಲ್ಲಿ ಸರ್ಕಾರವೇ ಸಂಬಳ ಕೊಟ್ಟು ಆಪ್ತ ಸಮಾಲೋಚಕರನ್ನ ಕೂರಿಸಿಲ್ವಾ? ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಮೆಷೀನಿಗೆ ಕಟ್ಟಿಹಾಕ್ಕೊಂಡು ಮಲಗೋ ಡಯಾಲಿಸಿಸ್‌ನವರಿಗೂ, ತೆಲುಗು ಬರೋ ಒಬ್ಬರನ್ನ ಕೊಡಲಿ. ಖಾಸಗಿಯವರ ಕಷ್ಟಕ್ಕಂತೂ ನನಗೆ ಅಳು ಬರಲ್ಲ. ಯಜಮಾನರ ಬಿಲ್ಲು ನೋಡಿದೆ. ಎರಡು ಹೊತ್ತು ರವೆಗಂಜಿ ಕೊಟ್ಟು 'ಡಯೆಟಿಷಿಯನ್ ವಿಸಿಟ್' ಅಂತ ದಿನಾ ಹಾಕಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ, ಕೊಡ್ತೀವಿ. ಮನುಷ್ಯನೊಬ್ಬ ಬಂದು ಕೂತಿರಬೇಕು, ಅಷ್ಟೇ.