ತೂತು ಬಿದ್ದ ಗೂಡಿಗೆ ಯಾವ ರೇಟು?

ನಾನು ಶಿಡ್ಲಘಟ್ಟದವನು. ನಮ್ಮದು ರೇಷ್ಮೆ ರೀಲಿಂಗ್ ಮನೆ, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಸಿನಿಮಾ ಪ್ರಶಸ್ತಿ ಬಗ್ಗೆ ಬರೆಯಲು ಇವನ್ಯಾರು ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಆಸ್ಕರ್ ಶುರುವಾಗುವ ಹೊತ್ತಿಗೆ ಊರಲ್ಲಿ ಎದ್ದಿರುವವರು ನಾವೇ. ಅಲ್ಲಿ ಭಾನುವಾರ ಸಂಜೆ, ಇಲ್ಲಿ ಸೋಮವಾರ ಬೆಳಗ್ಗೆ ನಾಲ್ಕೂವರೆಯೋ ಐದೂವರೆಯೋ. ಆಗಲೇ ನಮ್ಮ ಶೆಡ್ಡಿನಲ್ಲಿ ಒಲೆ ಹತ್ತಿರುತ್ತದೆ, ಗೂಡು ಬೇಯುತ್ತಿರುತ್ತದೆ. ಮೊಬೈಲನ್ನು ಕಿಟಕಿಗೆ ಒರಗಿಸಿಟ್ಟರೆ ಆಯ್ತು.

2023ರ ಮಾರ್ಚ್ 13 ನೆನಪಿದೆ ಅಲ್ವಾ? ಆರ್‌ಆರ್‌ಆರ್‌ನ ನಾಟು ನಾಟು ಹಾಡಿಗೆ ಆಸ್ಕರ್ ಬಂದ ದಿನ. ನಮ್ಮ ಕಡೆ ಎಷ್ಟೋ ಜನಕ್ಕೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಗೂಡು ಮಾರುಕಟ್ಟೆಗೆ ಹೋದರೆ ಉರ್ದು. ಹಾಡು ಯಾರದು ಅನ್ನುವ ಜಗಳವೇ ಇರಲಿಲ್ಲ. ಮೇಲಾಗಿ ಆ ಸಿನಿಮಾ ಬಿಡುಗಡೆಗೆ ಮುಂಚಿನ ದೊಡ್ಡ ಕಾರ್ಯಕ್ರಮ ನಡೆದದ್ದು ನಮ್ಮ ಚಿಕ್ಕಬಳ್ಳಾಪುರದಲ್ಲೇ, 2022ರ ಮಾರ್ಚ್ 19ಕ್ಕೆ. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು, ಶಿವಣ್ಣ ಎಲ್ಲ ಬಂದಿದ್ದರು. ನನ್ನ ತಮ್ಮನೂ ಹೋಗಿದ್ದ. ಮನೆ ಸೇರಿದ್ದು ರಾತ್ರಿ ಎರಡಕ್ಕೆ. "ವೇದಿಕೆ ಕಾಣಿಸ್ತೇನೋ?" ಅಂತ ಅಮ್ಮ ಕೇಳಿದರೆ, "ಜನ ಕಾಣಿಸಿದ್ರು" ಅಂದ. ಆಸ್ಕರ್ ಬಂದ ಬೆಳಗ್ಗೆ ಅವನದೇ ಮಾತು ಜಾಸ್ತಿ. ಪ್ರಶಸ್ತಿಯಲ್ಲಿ ಅವನಿಗೂ ಕಾಲುಪಾಲು ಬರಬೇಕು ಅನ್ನುವ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಎರಡು ಗುಂಪಾಯಿತು. ಜಗತ್ತೇ ನಮಗೆ ತಲೆಬಾಗಿತು ಅಂತ ಒಂದು. ದುಡ್ಡು ಚೆಲ್ಲಿ ತಂದರು ಅಂತ ಇನ್ನೊಂದು. ನನಗೆ ಎರಡೂ ರುಚಿಸಲಿಲ್ಲ. ಆ ವರ್ಷ ಭಾರತದಿಂದ ಅಧಿಕೃತವಾಗಿ ಹೋಗಿದ್ದು ಗುಜರಾತಿಯ ಛೆಲ್ಲೋ ಶೋ. ಆರ್‌ಆರ್‌ಆರ್‌ನವರು ತಮ್ಮ ಪಾಡಿಗೆ ತಾವು ಅಮೆರಿಕದಲ್ಲಿ ಓಡಾಡಿದರು. ಸಿನಿಮಾವನ್ನು ಅಲ್ಲಿನ ಥಿಯೇಟರುಗಳಲ್ಲಿ ಮತ್ತೆ ಮತ್ತೆ ತೋರಿಸಿದರು. ಲಾಸ್ ಏಂಜಲೀಸ್‌ನ ಚೈನೀಸ್ ಥಿಯೇಟರಿನ ಒಂದು ಶೋಗೆ 98 ಸೆಕೆಂಡಿನಲ್ಲಿ ಟಿಕೆಟ್ ಖಾಲಿ. ಜನವರಿಯಲ್ಲಿ ಗೋಲ್ಡನ್ ಗ್ಲೋಬ್, ಅದೇ ವಾರ ಕ್ರಿಟಿಕ್ಸ್ ಚಾಯ್ಸ್, ಮಾರ್ಚ್‌ನಲ್ಲಿ ಆಸ್ಕರ್. ಇದು ಚುನಾವಣೆ ಸ್ವಾಮಿ. ಮನೆ ಮನೆಗೆ ಹೋಗಿ ಕೈ ಮುಗಿಯದೆ ಯಾರೂ ವೋಟು ಹಾಕಲ್ಲ. ಹಾಗಂತ ಕೈ ಮುಗಿದವರೆಲ್ಲ ಗೆಲ್ಲುವುದೂ ಇಲ್ಲ.

ಚುನಾವಣೆ ಅಂದಾಗ ನಮ್ಮ ಬೀದಿಯ ಮೇಷ್ಟ್ರು ನೆನಪಾದರು. 2025ರಲ್ಲಿ ಅನೋರಾ ಸಿನಿಮಾಗೆ ಆಸ್ಕರ್ ಬಂದಾಗ ನಾನು ಅವರ ಹತ್ತಿರ ಗೊಣಗಿದೆ. "ಮೇಷ್ಟ್ರೇ, ಗೋಲ್ಡನ್ ಗ್ಲೋಬ್‌ನಲ್ಲಿ ಇದಕ್ಕೆ ಒಂದೂ ಬರಲಿಲ್ಲ. ಎರಡು ತಿಂಗಳಲ್ಲಿ ಐದು ಆಸ್ಕರ್! ಇದೇನು ಲೆಕ್ಕ?"

"ನಮ್ಮ ಶಿಕ್ಷಕರ ಕ್ಷೇತ್ರದ ಲೆಕ್ಕ ಕಣಪ್ಪಾ" ಅಂದರು.

ತಮಾಷೆಗೆ ಹೇಳಿದ್ದಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಚಿತ್ರದುರ್ಗ, ದಾವಣಗೆರೆ ಸೇರಿ ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರ ಇದೆಯಲ್ಲ, ಅಲ್ಲಿ ಮೇಷ್ಟ್ರುಗಳು ಅಭ್ಯರ್ಥಿಗಳ ಮುಂದೆ 1, 2, 3 ಅಂತ ಬರೆಯುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಗೆಲ್ಲದಿದ್ದರೆ ಕೊನೆಯವನನ್ನು ತೆಗೆದು, ಅವನ ಓಟಿನಲ್ಲಿರುವ ಎರಡನೇ ಹೆಸರಿಗೆ ಹಂಚುತ್ತಾರೆ. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರವನ್ನು ಆರಿಸುವುದೂ ಹೀಗೆಯೇ. ಹಾಗಾಗಿ ಅರ್ಧ ಜನ ಕುಣಿದಾಡಿ, ಇನ್ನರ್ಧ ಜನ ಬೈಯುವ ಸಿನಿಮಾಗೆ ಕಷ್ಟ. ಎಲ್ಲರ ಪಟ್ಟಿಯಲ್ಲೂ ಎರಡನೆಯದೋ ಮೂರನೆಯದೋ ಆಗಿರುವ ಸಿನಿಮಾ ಸದ್ದಿಲ್ಲದೆ ಮೇಲೆ ಬರುತ್ತದೆ. ನಟ ನಟಿಯರದೂ ಸೇರಿ ಉಳಿದ ಪ್ರಶಸ್ತಿಗಳಿಗೆ ನೇರ ಲೆಕ್ಕ, ಜಾಸ್ತಿ ಓಟು ಬಿದ್ದವರಿಗೆ ಪ್ರಶಸ್ತಿ.

ಅದೇ ವರ್ಷ ನಟಿ ಡೆಮಿ ಮೂರ್‌ಗೆ ಮೋಸ ಆಯ್ತು ಅಂತ ನನ್ನ ಫ್ರೆಂಡ್ಸ್ ಎಲ್ಲ ಬರೆದುಕೊಂಡಿದ್ದರು. ಗೋಲ್ಡನ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ಅಲ್ಲಿನ ಕಲಾವಿದರ ಸಂಘದ ಪ್ರಶಸ್ತಿ ಮೂರೂ ಆಕೆಗೆ. ಆಸ್ಕರ್ ಮಾತ್ರ ಅನೋರಾದ ನಟಿ ಮೈಕಿ ಮ್ಯಾಡಿಸನ್‌ಗೆ. ನನಗೂ ಬೇಜಾರಾಯಿತು. ಆದರೆ ಮೋಸ ಎಲ್ಲಿದೆ? ಒಂದು ಕಡೆ ಪತ್ರಕರ್ತರು ಓಟು ಹಾಕುತ್ತಾರೆ, ಇನ್ನೊಂದು ಕಡೆ ನಟರು, ಆಸ್ಕರ್‌ಗೆ ಅಕಾಡೆಮಿ ಸದಸ್ಯರು. ಗೂಡಿನ ಹರಾಜಿನಲ್ಲಿ ಬೆಳಗಿನ ಲಾಟಿಗೆ ಬಿದ್ದ ರೇಟು ಮಧ್ಯಾಹ್ನದ ಲಾಟಿಗೂ ಬೀಳಬೇಕು ಅಂದರೆ ಹೇಗೆ?

ಇರಲಿ. ನನ್ನ ಹೊಟ್ಟೆಕಿಚ್ಚು ಆ ಪ್ರಶಸ್ತಿ ಮೇಲಲ್ಲ, ಅವರ ಕ್ಯಾಲೆಂಡರ್ ಮೇಲೆ. ಡಿಸೆಂಬರ್‌ಗೆ ವರ್ಷ ಮುಗಿಯಿತು, ಮಾರ್ಚ್‌ಗೆ ಪ್ರಶಸ್ತಿ ಕೊಟ್ಟು ಕೈ ತೊಳೆದುಕೊಂಡರು.

ನಮ್ಮದು? 2019ರ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಪೈಲ್ವಾನ್ ಸಿನಿಮಾಗೆ ಸುದೀಪ್ ಅತ್ಯುತ್ತಮ ನಟ. ಮೋಹನದಾಸ ಮೊದಲ ಅತ್ಯುತ್ತಮ ಚಿತ್ರ. ಪೈಲ್ವಾನ್ ಬಂದಾಗ ನನ್ನ ಮಗಳು ಹುಟ್ಟೇ ಇರಲಿಲ್ಲ. ಪ್ರಶಸ್ತಿ ಬಂದಾಗ ಯುಕೆಜಿಯಲ್ಲಿದ್ದಳು. ಪ್ರಶಸ್ತಿ ತಗೊಳ್ಳುವುದನ್ನು ಬಿಟ್ಟು ವರ್ಷಗಳಾದವು ಅಂತ ಸುದೀಪ್ ಅದನ್ನು ಬೇಡ ಅಂದರು. ಎರಡು ದಿನ ಅದರದೇ ಚರ್ಚೆ. ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಅಂತ ಜಗಳ ಆಡಲು ಒಬ್ಬನೂ ಬರಲಿಲ್ಲ. ಪಾಪ, ಸಿನಿಮಾಗಳು ನೆನಪಿದ್ದರೆ ತಾನೇ?

ಕೋವಿಡ್ ಬಂತು ಅನ್ನುತ್ತೀರಿ. ಬಂತು, ನಿಜ. ಎಲ್ಲರಿಗೂ ಬಂತಲ್ಲ?

ಗೂಡಿನ ವಿಷಯ ಹೇಳಿಬಿಡುತ್ತೇನೆ. ಹುಳ ಗೂಡು ಕಟ್ಟಿದ ಮೇಲೆ ರೈತ ದಿನ ಎಣಿಸುತ್ತಾನೆ. ಚಂದ್ರಿಕೆಯಿಂದ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಯಿಂದ, ಬಿಡಿಸಿ ಮಾರುಕಟ್ಟೆಗೆ ತರಬೇಕು, ಹರಾಜಾಗಬೇಕು, ನಾವು ಬೇಯಿಸಬೇಕು. ತಡ ಮಾಡಿದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಮೇಲೆ ಅದರಲ್ಲಿ ಒಂದೇ ಎಳೆಯಾಗಿ ನೂಲು ಬರಲ್ಲ. ನೋಡಲು ಅದೇ ಗೂಡು, ಅದೇ ಬಿಳುಪು. ರೀಲರ್ ಕೈಗೆತ್ತಿಕೊಂಡು ನೋಡಿ ಕೆಳಗಿಡುತ್ತಾನೆ.

ಸಂಚಾರಿ ವಿಜಯ್ ಅವರನ್ನೇ ನೋಡಿ. ನಾನು ಅವನಲ್ಲ ಅವಳು ಸಿನಿಮಾಗೆ, 2014ನೇ ಸಾಲಿನ ರಾಷ್ಟ್ರಪ್ರಶಸ್ತಿ ಮರು ವರ್ಷ ಮಾರ್ಚ್‌ನಲ್ಲೇ ಪ್ರಕಟವಾಯಿತು. ಅಲ್ಲಿಯವರೆಗೆ ನಮ್ಮ ಶೆಡ್ಡಿನಲ್ಲಿ ಅವರ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. 2021ರ ಜೂನ್‌ನಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. ನಡುವೆ ಆರು ವರ್ಷ ರಾಷ್ಟ್ರಪ್ರಶಸ್ತಿ ಬಂದ ನಟನಾಗಿ ಬದುಕಿದರು. ಅದೇ ಪ್ರಶಸ್ತಿ ನಮ್ಮ 2019ರ ಲೆಕ್ಕದಲ್ಲಿ ಬಂದಿದ್ದರೆ? ಲೆಕ್ಕ ಹಾಕಿ ನೋಡಿ. ನಾನು ಒಂದು ಸಲ ಹಾಕಿ ಬಿಟ್ಟೆ.

ಈಗ ರಾಷ್ಟ್ರಪ್ರಶಸ್ತಿಯೂ ನಿಧಾನವಾಗಿದೆ. ಕಾಂತಾರದ ರಿಷಬ್ ಶೆಟ್ಟಿಯವರಿಗೆ 2022ರ ಪ್ರಶಸ್ತಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಆದರೂ ಎರಡು ವರ್ಷ ಪರವಾಗಿಲ್ಲ, ಪಟಾಕಿಯಾದರೂ ಹೊಡೆದರು.

ಹೋಗಲಿ, ಒಂದು ಕೆಲಸ ಮಾಡಿ. ಮೊಬೈಲ್ ನೋಡದೆ 2019ರ ಐದು ಕನ್ನಡ ಸಿನಿಮಾ ಹೆಸರು ಹೇಳಿ. ನಾನು ಎರಡಕ್ಕೇ ನಿಂತೆ. ಮೇಷ್ಟ್ರು ಪಟಪಟ ಅಂತ ಐದೂ ಹೇಳಿದರು. ಆಮೇಲೆ ನೋಡಿದರೆ ಅದರಲ್ಲಿ ಎರಡು 2017ರವು.