ಬಿಡುವಾಗಿರುತ್ತೀರಲ್ಲ ಎನ್ನುವವರಿಗೆ

ಕಾದಂಬರಿ ಬರೆದು ನಾನೇ ಪ್ರಕಟಿಸುತ್ತೇನೆ, ಜೊತೆಗೆ ಬೇಟೆನಾಯಿಗಳನ್ನು ಸಾಕುತ್ತೇನೆ ಎಂದರೆ ಸಾಕು, ಎದುರಿಗಿದ್ದವರ ಬಾಯಿಂದ ಅದೇ ಮಾತು: "ಹಾಗಾದರೆ ಮನೆಯಲ್ಲಿ ಬಿಡುವಾಗಿರುತ್ತೀರಲ್ಲ!" ವರ್ಷವಿಡೀ ಇದನ್ನೇ ಕೇಳಿ ತಲೆ ಚಿಟ್ಟು ಹಿಡಿದಿದೆ.

ಎಲ್ಲಿಯ ಬಿಡುವು? ಗರ್ಭ ಕಟ್ಟಿದ ನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಮರಿಗಳು ಕಣ್ಣು ಬಿಡಲು ಎರಡು ವಾರ ಬೇಕು. ಸುಮಾರು 3ನೇ ವಾರದಿಂದ 12ನೇ ವಾರದವರೆಗೆ ಅವು ಮನುಷ್ಯರಿಗೆ, ಸದ್ದುಗಳಿಗೆ, ಹೊಸ ಜಾಗಗಳಿಗೆ ಹೊಂದಿಕೊಳ್ಳುವ ಕಾಲ. ಅದು ಕೈತಪ್ಪಿದರೆ ನಾಯಿ ಅಂಜುಬುರುಕವಾಗಿಬಿಡಬಹುದು. ಅಧ್ಯಾಯವನ್ನು ನಾಳೆಗೆ ತಳ್ಳುತ್ತೇನೆ, ಆ ವಾರಗಳನ್ನು ಎಲ್ಲಿಗೆ ತಳ್ಳಲಿ?

ವಾಸನೆಯ ಜಾಡು ಕಲಿಸುವಾಗಿನ ಕಿರಿಕಿರಿಯಂತೂ ಹೇಳತೀರದು. ಉದ್ದ ಹಗ್ಗದ ತುದಿಯಲ್ಲಿ ಮರಿ ನೆಲಕ್ಕೆ ಮೂಗು ಹಚ್ಚಿದೆ, ಜೋಲುಕಿವಿ ಹುಲ್ಲನ್ನು ಸವರುತ್ತಿದೆ. ತಿರುವಿನಲ್ಲಿ ತಡವರಿಸುತ್ತದೆ, ಒಂದು ಸುತ್ತು ಹಾಕುತ್ತದೆ, ಜಾಡು ಮತ್ತೆ ಸಿಕ್ಕಿತು ಎನ್ನುವಂತೆ ಬಾಲ ಜೋರಾಗಿ ಆಡತೊಡಗುತ್ತದೆ. ಸರಿಯಾಗಿ ಆಗಲೇ ದಾರಿಹೋಕರೊಬ್ಬರು ಶಿಳ್ಳೆ ಹಾಕಿ ಬಿಸ್ಕತ್ತು ಚಾಚುತ್ತಾರೆ! ಮರಿ ತಲೆ ಎತ್ತಿತೋ, ಅಷ್ಟೂ ಶ್ರಮ ನೀರುಪಾಲು.

ಬರೆಯಲು ಕುಳಿತರೆ ಫೋನು. "ಕೆಲಸವೇನೂ ಇಲ್ಲವಲ್ಲ, ಒಂದು ಗಳಿಗೆ ಬಂದು ಹೋಗಿ." ಕರಡು ತಿದ್ದುವುದು, ಪುಟವಿನ್ಯಾಸ, ಮುಖಪುಟ, ಮಾರಾಟ, ಪ್ರಕಾಶಕರಿಲ್ಲದವರಿಗೆ ಎಲ್ಲವೂ ತಮ್ಮ ಹೆಗಲಿಗೇ. ಇದೂ ಕೆಲಸವೇ, ಸ್ವಾಮಿ! ಬೆಳಗಿನ ಹೊತ್ತು ದಯವಿಟ್ಟು ಫೋನು ಮಾಡಬೇಡಿ. ನಾಯಿಗೆ ಬಿಸ್ಕತ್ತು ಹಾಕುವ ಮುಂಚೆ ನನ್ನನ್ನೊಮ್ಮೆ ಕೇಳಿ.