ಪ್ಲೇಯರ್ ಹೋಲಿಸುವ ಮೊದಲು ತಂಬೂರಿ ಕೇಳಿ

ಬಾಗಲಕೋಟೆಯ ನವನಗರದಲ್ಲಿರುವ ತಬಲಾವಾದಕ ಗೆಳೆಯರೊಬ್ಬರು ಎರಡು ತಿಂಗಳ ಹಿಂದೆ ಸಂಗೀತ ಕೇಳುವುದಕ್ಕೆಂದೇ ತಯಾರಾದ ದುಬಾರಿ ಪ್ಲೇಯರೊಂದನ್ನು ಕೊಂಡರು. ಅದರ ಬೆಲೆ ಅವರ ಒಂದು ತಿಂಗಳ ಸಂಬಳಕ್ಕೆ ಸಮ. ಅದು ಮನೆಗೆ ಬಂದ ದಿನವೇ ನನ್ನ ಕೈಗಿಟ್ಟು, "ಮೊಬೈಲಿಗೂ ಇದಕ್ಕೂ ಅಜಗಜಾಂತರ ಐತಿ, ನೀವ ಕೇಳ್ರಿ" ಎಂದರು. ನಾನು ಕೇಳಿದೆ. ಅಂತರ ನಿಜವಾಗಿಯೂ ಇತ್ತು. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ನಾದ ತುಂಬಿಕೊಂಡು ಬರುತ್ತಿತ್ತು, ಗಾಯಕರ ಉಸಿರೂ ಕೇಳಿಸುತ್ತಿತ್ತು. ಆದರೆ ಆ ಪ್ಲೇಯರ್ ಮೊಬೈಲಿಗಿಂತ ಸ್ವಲ್ಪ ಜೋರಾಗಿ ನುಡಿಯುತ್ತಿತ್ತು ಎಂಬುದನ್ನು ನಾವಿಬ್ಬರೂ ಆ ಸಂಜೆ ಗಮನಿಸಲಿಲ್ಲ.

ಪ್ಲೇಯರ್‌ಗಳ ಧ್ವನಿಗುಣಮಟ್ಟದ ಕುರಿತು ನಡೆಯುವ ಹೆಚ್ಚಿನ ಚರ್ಚೆ ದಾರಿ ತಪ್ಪುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯ ಸಲ ಒಂದು ಡೆಸಿಬೆಲ್‌ನಷ್ಟು ಮಾತ್ರ ಏರಿಸಿದರೆ ನಮ್ಮ ಕಿವಿ ಅದನ್ನು "ಜೋರು" ಎಂದು ಗುರುತಿಸುವುದಿಲ್ಲ, "ಚೆಂದ" ಎಂದು ಗುರುತಿಸುತ್ತದೆ. ಕಿವಿಯ ಈ ಸ್ವಭಾವ ತಬಲಾ ನುಡಿಸುವವರಿಗೂ ತಪ್ಪಿದ್ದಲ್ಲ, ಐವತ್ತು ವರ್ಷ ಸಂಗೀತ ಕೇಳಿದವರಿಗೂ ತಪ್ಪಿದ್ದಲ್ಲ. ಆದ್ದರಿಂದ ಎರಡು ಪ್ಲೇಯರ್‌ಗಳ ಧ್ವನಿಮಟ್ಟವನ್ನು ಅಳೆದು ಸರಿಸಮ ಮಾಡದೆ, ಯಾವುದು ನುಡಿಯುತ್ತಿದೆ ಎಂಬುದನ್ನು ಕೇಳುವವರಿಂದ ಮರೆಮಾಡದೆ ಹೇಳಿದ ತೀರ್ಪನ್ನು, ಅದು ನನ್ನದೇ ಆಗಿದ್ದರೂ, ನಾನು ಒಪ್ಪುವುದಿಲ್ಲ.

ಮುಂದಿನ ಮೂರು ಭಾನುವಾರ ಅವರ ಮನೆಯಲ್ಲಿ ಇದನ್ನೇ ಮಾಡಿದೆವು. ಅವರ ಹೊಸ ಪ್ಲೇಯರ್, ಇಯರ್‌ಫೋನ್ ಜೋಡಿಸಲು ನನ್ನ ಮೊಬೈಲ್‌ಗೆ ಸಿಕ್ಕಿಸುವ ಅಗ್ಗದ ಯುಎಸ್‌ಬಿ ಅಡಾಪ್ಟರ್, ನಾನು ಹದಿನೈದು ವರ್ಷದಿಂದ ಜೋಪಾನ ಮಾಡಿಕೊಂಡು ಬಂದ ಹಳೆಯ ಎಂಪಿ3 ಪ್ಲೇಯರ್, ಹೀಗೆ ಮೂರು ಸಾಧನಗಳು ನಮ್ಮ ಬಳಿ ಇದ್ದವು. ಮಟ್ಟ ಹೊಂದಿಸಲು ಸಾಮಾನ್ಯ ಮಲ್ಟಿಮೀಟರ್ ಸಾಕಾಯಿತು. 300 ಹರ್ಟ್ಜ್‌ನ ಒಂದೇ ಸಮನಾದ ಸ್ವರವನ್ನು ನುಡಿಸಿ, ಇಯರ್‌ಫೋನ್ ಜೋಡಿಸಿದ ಸ್ಥಿತಿಯಲ್ಲಿಯೇ ತಂತಿಗಳ ನಡುವಿನ ವೋಲ್ಟೇಜ್ ಅಳೆಯಬೇಕು. ಬಹುಪಾಲು ಮಲ್ಟಿಮೀಟರ್‌ಗಳು ಮನೆಯ ವಿದ್ಯುತ್ತಿನ 50 ಹರ್ಟ್ಜ್‌ನ ಆಸುಪಾಸಿಗೆ ರೂಪುಗೊಂಡವು, ಹೆಚ್ಚಿನ ಕಂಪನಾಂಕದಲ್ಲಿ ಅವುಗಳ ಅಳತೆಯನ್ನು ನಂಬಲಾಗದು ಎಂಬ ಕಾರಣಕ್ಕೆ 300 ಆರಿಸಿಕೊಂಡೆವು. ವೋಲ್ಟೇಜ್‌ನಲ್ಲಿ ನೂರಕ್ಕೆ ಒಂದರ ವ್ಯತ್ಯಾಸವೆಂದರೆ ಡೆಸಿಬೆಲ್‌ನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ, ಅಷ್ಟು ಹತ್ತಿರಕ್ಕೆ ತಂದರೆ ಸಾಕು. ಪ್ಲೇಯರ್‌ನ ವಾಲ್ಯೂಮ್ ಗುಂಡಿಯ ಮೆಟ್ಟಿಲುಗಳು ಅಷ್ಟು ಸಣ್ಣವಲ್ಲವಾದ್ದರಿಂದ, ಉಳಿದ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲಿ ಹಾಡಿನ ಕಡತವನ್ನೇ ಒಂದಿಷ್ಟು ತಗ್ಗಿಸಿ ಸರಿಪಡಿಸಿದೆವು.

ಗೆಳೆಯರ ಮಗಳು ನಮ್ಮ ಬೆನ್ನ ಹಿಂದೆ ಕುಳಿತು, ಪ್ರತಿಸಲ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಯಾವುದಾದರೊಂದು ಸಾಧನದಿಂದ ಇಪ್ಪತ್ತು ಸೆಕೆಂಡಿನ ತುಣುಕು ಕೇಳಿಸಿದಳು. ಒಂದೊಂದು ಜೋಡಿಗೆ 16 ಸಲ. ಬರೀ ಊಹೆಯಿಂದ 16ರಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ, ಹಾಗಾಗಿ 12 ಮುಟ್ಟಿದರೆ ನಿಜವಾಗಿ ವ್ಯತ್ಯಾಸ ಕೇಳಿಸಿದೆ ಎಂದು ಒಪ್ಪೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಯಾವ ತುಣುಕು ಎಂಬುದೂ ಮುಖ್ಯ. ಪ್ಲೇಯರ್ ಪರೀಕ್ಷಿಸುವವರು ಸಾಮಾನ್ಯವಾಗಿ ಡ್ರಮ್ ಬಡಿತ ತುಂಬಿದ ಸಿನಿಮಾ ಹಾಡುಗಳನ್ನು ಆರಿಸುತ್ತಾರೆ. ಅವುಗಳಲ್ಲಿ ಎಲ್ಲವೂ ಒಂದೇ ಎತ್ತರಕ್ಕೆ ಒತ್ತಿಹೋಗಿರುವುದರಿಂದ ಸೂಕ್ಷ್ಮ ದೋಷಗಳು ಅಡಗಿಬಿಡುತ್ತವೆ. ನಮ್ಮ ಭಾಗದ ಕೇಳುಗರ ಕೈಯಲ್ಲಿ ಅದಕ್ಕಿಂತ ಎಷ್ಟೋ ಒಳ್ಳೆಯ ಒರೆಗಲ್ಲು ಇದೆ, ಅದು ತಂಬೂರಿ. ಜವಾರಿ, ಅಂದರೆ ತಂತಿ ಕುದುರೆಯನ್ನು ಸವರಿ ಹೊಮ್ಮುವ ಝೇಂಕಾರ, ಸರಿಯಾಗಿ ಕೂತ ತಂಬೂರಿಯ ಒಂದು ಮೀಟಿನಲ್ಲಿ ಖರ್ಜದ, ಅಂದರೆ ಕೆಳಗಿನ ಷಡ್ಜದ, ಆಳದಿಂದ ಹಿಡಿದು ಹತ್ತಾರು ಉಪಸ್ವರಗಳ ಮಿಂಚಿನವರೆಗೆ ಎಲ್ಲವೂ ಇರುತ್ತದೆ, ಮತ್ತು ಅದು ಎಡೆಬಿಡದೆ ಒಂದೇ ಸಮ ಸಾಗುವುದರಿಂದ ಎಲ್ಲಿ ಕುಂದು ಬಂದರೂ ಕಿವಿಗೆ ಸಿಕ್ಕಿಬೀಳುತ್ತದೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕಛೇರಿಯ ಧ್ವನಿಮುದ್ರಣವನ್ನು ನಾನು ಆರಿಸಿಕೊಂಡದ್ದು ಅಭಿಮಾನದಿಂದ ಮಾತ್ರವಲ್ಲ. ಕ್ಷಯದಿಂದ ಎದ್ದ ಮೇಲೆ ಅವರು ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿ ಹಾಡಿದರು, ಆ ಗುಚ್ಛಗಳ ನಡುವಿನ ಬಿಡುವಿನಲ್ಲಿ ತಂಬೂರಿ ತಾನೇ ತಾನಾಗಿ ನಿಂತು ಕೇಳಿಸುತ್ತದೆ. ತಂಬೂರಿಯ ಶ್ರುತಿಯ ಬಗ್ಗೆ ಅವರಷ್ಟು ಕಟ್ಟುನಿಟ್ಟಾಗಿದ್ದ ಗಾಯಕರು ವಿರಳ. ಎರಡನೆಯ ತುಣುಕು ಗೆಳೆಯರದೇ ತಬಲಾ ಸೋಲೊ, ಅದರ ನಿಜವಾದ ನಾದ ಹೇಗಿದೆ ಎಂಬುದು ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ.

ಹೊಸ ಪ್ಲೇಯರ್ ಮತ್ತು ಅಗ್ಗದ ಅಡಾಪ್ಟರ್ ನಡುವೆ ನಾನು 16ಕ್ಕೆ 9 ಸರಿ ಹೇಳಿದೆ, ಗೆಳೆಯರು 8. ನಾಣ್ಯವೇ ಉತ್ತರ ಕೊಟ್ಟಿದ್ದರೂ ಅಷ್ಟೇ ಬರುತ್ತಿತ್ತು. ಆದರೆ ಹಳೆಯ ಎಂಪಿ3 ಪ್ಲೇಯರನ್ನು ಇಬ್ಬರೂ 16ಕ್ಕೆ 16 ಸಲ ಗುರುತಿಸಿದೆವು. ಡಗ್ಗಾದ ಮೇಲೆ ಅಂಗೈ ಒತ್ತಿ ನಾದವನ್ನು ಜಾರಿಸುವಾಗ ಕೆಳಗಿನ ಅರ್ಧ ಮಾಯವಾಗುತ್ತಿತ್ತು, ತಂಬೂರಿಯ ಖರ್ಜ ತೆಳ್ಳಗಾಗಿತ್ತು. ಪ್ಲೇಯರ್‌ಗಳ ನಡುವೆ ವ್ಯತ್ಯಾಸವೇ ಇರುವುದಿಲ್ಲ ಎಂದು ವಾದಿಸುವವರ ಮಾತೂ ಹಾಗಾದರೆ ನಿಲ್ಲುವುದಿಲ್ಲ. ವ್ಯತ್ಯಾಸವಿದೆ, ಮತ್ತು ಇರುವಲ್ಲಿ ಅದಕ್ಕೆ ಅಳೆಯಬಹುದಾದ ಕಾರಣವಿರುತ್ತದೆ.

ಆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೇ ಇದು. ಅನೇಕ ಹಳೆಯ ಪ್ಲೇಯರ್‌ಗಳಲ್ಲಿ ಹೆಡ್‌ಫೋನ್‌ಗೆ ಹೋಗುವ ದಾರಿಯಲ್ಲಿ ಏಕಮುಖ ವಿದ್ಯುತ್ತನ್ನು ತಡೆಯಲು ಒಂದು ಕೆಪಾಸಿಟರ್ ಇರುತ್ತಿತ್ತು. ಜೇಬಿನಲ್ಲಿ ಹಿಡಿಯುವ ಪೆಟ್ಟಿಗೆಯಲ್ಲಿ ದೊಡ್ಡ ಕೆಪಾಸಿಟರ್‌ಗೆ ಜಾಗವಿಲ್ಲ. ಚಿಕ್ಕದನ್ನು ಹಾಕಿದರೆ ಅದು ಇಯರ್‌ಫೋನ್‌ನ ರೋಧದೊಡನೆ (ವಿದ್ಯುತ್ತಿಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ ಅಳೆಯುವುದು) ಸೇರಿ ಕೆಳಸ್ವರಗಳನ್ನು ಸೋಸಿಬಿಡುತ್ತದೆ. 100 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ 16 ಓಮ್ ಇಯರ್‌ಫೋನ್ ಜೋಡಿಸಿದರೆ ಸುಮಾರು 100 ಹರ್ಟ್ಜ್‌ನಿಂದಲೇ ನಾದ ಕುಸಿಯತೊಡಗುತ್ತದೆ. ಕರಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕರಿಮನೆಯ, ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜ ಸುಮಾರು 139 ಹರ್ಟ್ಜ್, ಅವರ ತಂಬೂರಿಯ ಖರ್ಜ ಅದರ ಅರ್ಧ, ಅಂದರೆ 69ರ ಹತ್ತಿರ. ಉಪಸ್ವರಗಳ ಆಧಾರದಿಂದ ನಮ್ಮ ಮಿದುಳು ಕಳೆದುಹೋದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುವುದರಿಂದ ಶ್ರುತಿ ಕೆಟ್ಟಂತೆ ಅನ್ನಿಸುವುದಿಲ್ಲ. ಆದರೆ ತಂಬೂರಿಗೆ ಕುಂಬಳದ ಬುರುಡೆ ಇದೆ ಎಂಬ ಅನುಭವ ಮಾತ್ರ ಇಲ್ಲವಾಗುತ್ತದೆ.

ಮಲ್ಟಿಮೀಟರ್ ಇದನ್ನೇ ಹೇಳಿತು. ಇಯರ್‌ಫೋನ್ ಜೋಡಿಸಿದಾಗ ಹಳೆಯ ಪ್ಲೇಯರ್‌ನಲ್ಲಿ 60 ಹರ್ಟ್ಜ್‌ನ ವೋಲ್ಟೇಜ್ 300 ಹರ್ಟ್ಜ್‌ನದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇತ್ತು, ಇಯರ್‌ಫೋನ್ ಕಿತ್ತಾಗ ಎರಡೂ ಸಮವಾದವು. ಅಂದರೆ ದೋಷ ಪ್ಲೇಯರ್‌ನದೂ ಅಲ್ಲ, ಇಯರ್‌ಫೋನ್‌ನದೂ ಅಲ್ಲ, ಅವೆರಡರ ಸಂಬಂಧದ್ದು. ಇದು ನಿಜವಾದರೆ ಹೆಚ್ಚು ರೋಧದ ಹೆಡ್‌ಫೋನ್ ಹಾಕಿದಾಗ ದೋಷ ಮರೆಯಾಗಬೇಕು. ಮೂರನೆಯ ಭಾನುವಾರ 300 ಓಮ್‌ನ ಹೆಡ್‌ಫೋನ್ ಎರವಲು ತಂದು ಅದೇ ಪರೀಕ್ಷೆ ಮಾಡಿದೆವು. ಹದಿನಾರಕ್ಕೆ ಹದಿನಾರು ಗುರುತಿಸಿದ್ದ ನಾನು ಈಗ 10ಕ್ಕೆ ಇಳಿದೆ, ಗೆಳೆಯರು 7ಕ್ಕೆ. ಆ ಕ್ಷಣ ನನಗಾದ ಸಂತೋಷ ಯಾವ ಪ್ಲೇಯರ್ ಕೊಂಡಾಗಲೂ ಆಗಿರಲಿಲ್ಲ.

ಇದೇ ಬಗೆಯ ಇನ್ನೊಂದು ಸಂಗತಿ ಪ್ಲೇಯರ್‌ನ ಸ್ವಂತ ನಿರ್ಗಮ ರೋಧ, ಅಂದರೆ ಹೊರಡುವ ವಿದ್ಯುತ್ತಿಗೆ ಪ್ಲೇಯರ್ ತಾನೇ ಒಡ್ಡುವ ತಡೆ. ಕೆಲವು ದುಬಾರಿ ಇಯರ್‌ಫೋನ್‌ಗಳ ರೋಧ ಒಂದು ಸ್ವರದಲ್ಲಿ 10 ಓಮ್ ಇದ್ದರೆ ಇನ್ನೊಂದರಲ್ಲಿ 40 ಇರುತ್ತದೆ. ಪ್ಲೇಯರ್‌ನ ನಿರ್ಗಮ ರೋಧ 10 ಓಮ್ ಆಗಿದ್ದರೆ ಆ ಎರಡು ಸ್ವರಗಳ ನಡುವೆ ಸುಮಾರು 4 ಡೆಸಿಬೆಲ್‌ನಷ್ಟು ಏರುಪೇರಾಗುತ್ತದೆ, ಅದೇ 1 ಓಮ್ ಆಗಿದ್ದರೆ ಅರ್ಧ ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು. ಹಾಗಾಗಿ "ಈ ಪ್ಲೇಯರ್‌ನ ಧ್ವನಿ ಬೆಚ್ಚಗಿದೆ, ಅದರದು ತೆಳುವಾಗಿದೆ" ಎಂದು ಯಾರಾದರೂ ಬರೆದಾಗ ಅವರು ಯಾವ ಇಯರ್‌ಫೋನ್ ಬಳಸಿದರು ಎಂಬುದನ್ನು ಹೇಳದಿದ್ದರೆ ಆ ಮಾತಿನಿಂದ ಬೇರೆಯವರಿಗೆ ಏನೂ ಪ್ರಯೋಜನವಿಲ್ಲ. ಇಯರ್‌ಫೋನ್‌ನ ರೋಧದ ಎಂಟನೆಯ ಒಂದು ಭಾಗಕ್ಕಿಂತ ಪ್ಲೇಯರ್‌ನ ರೋಧ ಕಡಿಮೆಯಿರಲಿ ಎಂಬ ವಾಡಿಕೆಯ ಸೂತ್ರವನ್ನು ಕೊಳ್ಳುವ ಮೊದಲು ನೋಡಿಕೊಂಡರೆ ಸಾಕು.

ವಾದ್ಯಗಳು ಸುತ್ತ ಹರಡಿ ಕೂತಂತೆ ಕೇಳಿಸುತ್ತದೆ ಎಂಬರ್ಥದ "ವಿಶಾಲವಾದ ಧ್ವನಿವೇದಿಕೆ" ಎಂಬ ಹೊಗಳಿಕೆಯನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಪಿಸುಮಾತು ಮತ್ತೆ ಮತ್ತೆ ಮರಳಿ ಬರುವುದು ಆ ಗುಮ್ಮಟದ ಗೋಡೆಗಳಿಂದ. ಪ್ಲೇಯರ್‌ನೊಳಗೆ ಗೋಡೆಗಳಿಲ್ಲ. ವೇದಿಕೆ ಇರುವುದು ಮುದ್ರಣದಲ್ಲಿ ಮತ್ತು ಹೆಡ್‌ಫೋನ್ ಕಿವಿಯ ಮೇಲೆ ಕೂರುವ ರೀತಿಯಲ್ಲಿ, ಪ್ಲೇಯರ್ ಅದನ್ನು ಕೆಡಿಸದಿದ್ದರೆ ಅದರ ಕರ್ತವ್ಯ ಮುಗಿಯಿತು.

ನಿಜವಾದ ದೊಡ್ಡ ಜಿಗಿತಗಳು ಹಿಂದೆಯೇ ಆಗಿಹೋಗಿವೆ. ಸೋನಿಯ ಮೊದಲ ವಾಕ್‌ಮನ್ 1979ರಲ್ಲಿ ಬಂತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್‌ನಂತೆ ನಿಧಾನವಾಗಿ ಸರಿಯುತ್ತಿತ್ತು, ಮೋಟಾರಿನ ಅಥವಾ ರಬ್ಬರ್ ಬೆಲ್ಟಿನ ಸಣ್ಣ ಅಳುಕೂ ಸ್ವರದ ನಡುಕವಾಗಿ ಕೇಳುತ್ತಿತ್ತು. ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಕ್ಯಾಸೆಟ್ ಹಾಕಿಕೊಂಡು ಖ್ಯಾಲ್ ಕೇಳಿದವರಿಗೆ ಆ ತೇಲಾಡುವ ತಂಬೂರಿ ನೆನಪಿರಬಹುದು. ಡಿಜಿಟಲ್ ಪ್ಲೇಯರ್ ಬಂದ ಮೇಲೆ ಷಡ್ಜ ಇದ್ದಲ್ಲೇ ನಿಂತಿತು. 2001ರ ಮೊದಲ ಐಪಾಡ್ ಕುರಿತು ಜನ ಅದರಲ್ಲಿ ಸಾವಿರ ಹಾಡು ಹಿಡಿಯುತ್ತದೆಂದು ಬೆರಗಾದರು, ನನಗೆ ಇಂದಿಗೂ ಆ ಬಗೆಯ ಯಂತ್ರಗಳಲ್ಲಿ ದೊಡ್ಡದೆನಿಸುವುದು ಸ್ವರ ಅಲುಗದೆ ನಿಂತದ್ದು.

ಈಗ ನಷ್ಟವಾಗುತ್ತಿರುವುದು ಕಡತದಲ್ಲಿ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುತ್ತದೆ, 128 ಕಿಲೋಬಿಟ್‌ನ ಎಂಪಿ3 ಅದರ ಹನ್ನೊಂದನೆಯ ಒಂದು ಪಾಲು. ಅದು ಸಾಮಾನ್ಯವಾಗಿ 16,000 ಹರ್ಟ್ಜ್ ಮೇಲಿನದನ್ನು ಕತ್ತರಿಸುತ್ತದೆ, ಮತ್ತು ತಬಲಾದ ಅಂಚಾದ ಚಾಟಿಗೆ ಬೀಳುವ ಪೆಟ್ಟಿಗೆ ಮುಂಚೆಯೇ ಒಂದು ಮಸುಕಾದ ಸದ್ದನ್ನು ಸೇರಿಸಿಬಿಡುತ್ತದೆ. ಗೆಳೆಯರು ಈ ದೋಷವನ್ನು ಮೂರೂ ಸಾಧನಗಳಲ್ಲಿ ತಡವರಿಸದೆ ಹಿಡಿದರು. 320ಕ್ಕೆ ಏರಿಸಿದಾಗ ಇಬ್ಬರಿಗೂ ಸಿಕ್ಕಲಿಲ್ಲ. ಇನ್ನೊಂದು ನೋವು ನನ್ನನ್ನು ಬಹಳ ಕಾಡುತ್ತದೆ. ಹಳೆಯ ಮುದ್ರಣಗಳನ್ನು ಶುಚಿ ಮಾಡುವ ಹುಮ್ಮಸ್ಸಿನಲ್ಲಿ ಟೇಪಿನ ಸುಯ್ಯೆನ್ನುವ ಸದ್ದನ್ನು ಅತಿಯಾಗಿ ತೆಗೆದುಹಾಕುವವರು ಅದರ ಜೊತೆಗೆ ತಂಬೂರಿಯ ಜವಾರಿಯನ್ನೂ ಒರೆಸಿಹಾಕುತ್ತಾರೆ. ಅಂಥ ಕಡತವನ್ನು ಯಾವ ಬೆಲೆಯ ಪ್ಲೇಯರ್‌ಗೆ ಹಾಕಿದರೂ ಹೋದದ್ದು ಬಾರದು, ಅದನ್ನು 24 ಬಿಟ್, 96 ಕಿಲೋಹರ್ಟ್ಜ್ ಎಂಬ ಉನ್ನತ ಗುಣಮಟ್ಟದ ಹಣೆಪಟ್ಟಿಯೊಡನೆ ಮಾರಿದರೂ ಬಾರದು.

ಗೆಳೆಯರು ಪ್ಲೇಯರನ್ನು ಹಿಂದಿರುಗಿಸಲಿಲ್ಲ. ಅದರ ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಕೇಳುವಾಗ ಕರೆ ಬಂದು ಅಡ್ಡಿಯಾಗುವುದಿಲ್ಲ, ಗುಂಡಿಗಳು ಕೈಗೆ ಚೆನ್ನಾಗಿ ಸಿಗುತ್ತವೆ ಎಂಬ ಕಾರಣಗಳನ್ನು ಅವರು ಕೊಟ್ಟರು. ಅವು ಗೌರವಕ್ಕೆ ಅರ್ಹವಾದ ಕಾರಣಗಳು, ಧ್ವನಿಯ ಹೆಸರನ್ನು ಅವುಗಳಿಗೆ ಅಂಟಿಸದಿದ್ದರೆ ಸಾಕು. ಆದರೆ ಇಯರ್‌ಫೋನ್‌ನ ರಬ್ಬರ್ ತುದಿಯನ್ನು ಅವರು ಬದಲಾಯಿಸಿದರು. ಅವರ ಎಡಕಿವಿಗೆ ಹಳೆಯ ತುದಿ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ, ಆ ಸಂದಿಯಿಂದ ಡಗ್ಗಾ ಸೋರಿಹೋಗುತ್ತಿತ್ತು. ಐವತ್ತು ರೂಪಾಯಿಯ ದೊಡ್ಡ ತುದಿ ಹಾಕಿಕೊಂಡ ಮೇಲೆ, ಬೆಳಗಾವಿಯ ಬಸ್ಸಿನಲ್ಲಿ ಎಂಜಿನ್ನಿನ ಗದ್ದಲ ಹೊರಗೇ ಉಳಿದು, ಮೊದಲಿಗಿಂತ ಆರು ಮೆಟ್ಟಿಲು ಕೆಳಗಿನ ವಾಲ್ಯೂಮಿನಲ್ಲಿ ಕೇಳಲು ಸಾಧ್ಯವಾಯಿತೆಂದು ಕಳೆದ ವಾರ ಫೋನ್ ಮಾಡಿ ಹೇಳಿದರು. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮತ್ತು ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ತಬಲಾ ನುಡಿಸುವವರ ಕಿವಿಗೆ ಆ ಆರು ಮೆಟ್ಟಿಲು ಸಣ್ಣದಲ್ಲ.